ಬಿಎಸ್ಸಿ ಗಣಿತ ಮುಗಿಯಿತು, ಕನ್ನಡ ಮಾಧ್ಯಮಕ್ಕೇ ಟೀಚರ್ ಆಗಬೇಕು: ಬಿಎಡ್ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ?

ಬದಿಯಡ್ಕದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು. ಒಂದರಿಂದ ಹತ್ತರವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈ ವರ್ಷ ಬಿಎಸ್ಸಿ ಗಣಿತ ಮುಗಿಯಿತು, ಶೇಕಡಾ 64 ಬಂದಿದೆ. ಹೈಸ್ಕೂಲಿಗೆ ಗಣಿತ ಟೀಚರ್ ಆಗಬೇಕು ಅಂತ ಆಸೆ, ಅದೂ ಕನ್ನಡ ಮಾಧ್ಯಮದಲ್ಲೇ.

ಯಾಕೆ ಅಂತ ಹೇಳುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ನಮಗೆ ಗಣಿತಕ್ಕೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ತುಂಬಾ ಒಳ್ಳೆಯವರು, ಗಣಿತವೂ ಚೆನ್ನಾಗಿ ಗೊತ್ತಿತ್ತು. ಆದರೆ ವಿವರಿಸುತ್ತಿದ್ದದ್ದು ಮಲಯಾಳದಲ್ಲಿ. ವೃತ್ತದ ಪಾಠ ಬಂತು. ಅವರು ‘ಞಾಣ್’ ಅಂದರು, ನಮ್ಮ ಪುಸ್ತಕದಲ್ಲಿ ‘ಜ್ಯಾ’ ಅಂತ ಇತ್ತು. ಅವರು ‘ಆರಂ’ ಅಂದರು, ಪುಸ್ತಕದಲ್ಲಿ ‘ತ್ರಿಜ್ಯ’. ನನಗೆ ಅಲ್ಪಸ್ವಲ್ಪ ಮಲಯಾಳ ಬರುತ್ತಿತ್ತು. ನೋಟ್ಸಿನ ಕೊನೆಯ ಪುಟದಲ್ಲಿ ಎರಡು ಸಾಲು ಮಾಡಿ, ಈ ಕಡೆ ಅವರ ಶಬ್ದ, ಆ ಕಡೆ ಪುಸ್ತಕದ ಶಬ್ದ ಬರೆಯುತ್ತಾ ಹೋದೆ. ನನ್ನ ಪಕ್ಕ ಕೂರುತ್ತಿದ್ದವಳ ಮನೆಯಲ್ಲಿ ತುಳು ಮಾತ್ರ. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಆ ಪುಟ ನೋಡಿ ಬರೆದುಕೊಳ್ಳುತ್ತಿದ್ದಳು. ಎಂಟನೇ ಕ್ಲಾಸಿನವರೆಗೆ ಲೆಕ್ಕದಲ್ಲಿ ನನಗಿಂತ ಮುಂದಿದ್ದವಳು ಅವಳು. ಹತ್ತರಲ್ಲಿ ಗಣಿತಕ್ಕೆ ಹೇಗೋ ಪಾಸಾದಳು, ಅಷ್ಟೇ. ಅದು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಈಗ ನನ್ನ ಪ್ರಶ್ನೆಗಳು. ಬಿಎಡ್ ಇಲ್ಲೇ ಮಾಡಲೋ, ಮಂಗಳೂರಿಗೆ ಹೋಗಲೋ? ಕೇರಳದ ಟೀಚರ್ ಅರ್ಹತಾ ಪರೀಕ್ಷೆ ಕೆ-ಟೆಟ್‌ನಲ್ಲಿ ಮಲಯಾಳ ಬರೆಯಲೇಬೇಕಾ? ಕೆಲವರು ಡಿಎಲ್‌ಎಡ್ (ಟೀಚರ್ ಡಿಪ್ಲೊಮಾ) ಮಾಡು ಅನ್ನುತ್ತಾರೆ, ಅದು ನನಗೆ ಆಗುತ್ತದಾ? ಇನ್ನೊಂದು ಅಪ್ಪನ ಪ್ರಶ್ನೆ: “ಲೆಕ್ಕ ಗೊತ್ತುಂಟಲ್ಲ, ಮತ್ತೆ ಎರಡು ವರ್ಷ ಕಲಿಯುವುದು ಎಂತ?” ನನ್ನ ಹತ್ತಿರ ಉತ್ತರ ಇಲ್ಲ.

ಮುಳ್ಳೇರಿಯದ ಗಣಿತ ಟೀಚರ್

ತಂಗಿ, ನಿನ್ನ ನೋಟ್ಸಿನ ಆ ಕೊನೆಯ ಪುಟವನ್ನು ಎಸೆಯಬೇಡ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡಲು ಶುರುಮಾಡಿ 13 ವರ್ಷ ಆಯಿತು.

ಮೊದಲು ಡಿಎಲ್‌ಎಡ್ ವಿಷಯ. ಅದು ಕೆಳಗಿನ ತರಗತಿಗಳಿಗೆ. ಹೈಸ್ಕೂಲಿಗೆ ಬೇಕಾದದ್ದು ಗಣಿತದ ಡಿಗ್ರಿ, ಗಣಿತವನ್ನೇ ಐಚ್ಛಿಕವಾಗಿ ತೆಗೆದುಕೊಂಡ ಬಿಎಡ್, ಆಮೇಲೆ ಕೆ-ಟೆಟ್‌ನ ಮೂರನೇ ಕೆಟಗರಿ. ಬಿಎಡ್‌ಗೆ ಡಿಗ್ರಿಯಲ್ಲಿ ಶೇಕಡಾ 50 ಬೇಕು, ನಿನಗೆ ಧಾರಾಳ ಉಂಟು. ಕಣ್ಣೂರು ವಿಶ್ವವಿದ್ಯಾಲಯದ ಟೀಚರ್ ಎಜುಕೇಶನ್ ಸೆಂಟರ್ ಕಾಸರಗೋಡಿನ ಚಾಲದಲ್ಲೇ ಇದೆ, ವಿದ್ಯಾನಗರದ ಹತ್ತಿರ. ಬದಿಯಡ್ಕದಿಂದ ಚೆರ್ಕಳ ದಾರಿಯಾಗಿ ದಿನಾ ಹೋಗಿಬರಬಹುದು. ಗಣಿತಕ್ಕೆ ಎಲ್ಲೆಲ್ಲಿ ಎಷ್ಟು ಸೀಟು ಅಂತ ಈ ವರ್ಷದ ಪ್ರಾಸ್ಪೆಕ್ಟಸ್ ನೋಡಿಯೇ ಆಯ್ಕೆ ಕೊಡು. ಒಂದೇ ಕಾಲೇಜು ಹಾಕಿ ಸುಮ್ನೆ ಕೂರಬೇಡ.

ಕೆ-ಟೆಟ್‌ಗೆ ಮಲಯಾಳದ ಹೆದರಿಕೆ ಬೇಡ. ಮೂರನೇ ಕೆಟಗರಿಯಲ್ಲಿ ಒಟ್ಟು 150 ಪ್ರಶ್ನೆ, ಎರಡೂವರೆ ಗಂಟೆ. ಮನೋವಿಜ್ಞಾನ ಮತ್ತು ಬೋಧನೆಯ ಭಾಗಕ್ಕೆ 40, ಭಾಷೆಗೆ 30, ನಿನ್ನ ವಿಷಯಕ್ಕೆ 80. ಭಾಷೆಯ ಜಾಗದಲ್ಲಿ ಕನ್ನಡ ಆರಿಸಿಕೊಳ್ಳಬಹುದು. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಸಾಮಾನ್ಯ ವರ್ಗದವರು ಪಾಸಾಗಲು 90 ಬೇಕು. ಒಬಿಸಿ, ಎಸ್‌ಸಿ, ಎಸ್‌ಟಿ ಆದರೆ 82 ಸಾಕು.

ಇನ್ನು ಅಪ್ಪನ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲೂ ಇದನ್ನೇ ಕೇಳಿದ್ದರು.

ಎರಡು ವರ್ಷ ಅಂದರೆ ನಾಲ್ಕು ಸೆಮಿಸ್ಟರ್. ಪಿಯಾಜೆ, ವಿಗೋಟ್ಸ್ಕಿಯಂಥ ಮನೋವಿಜ್ಞಾನಿಗಳು, ಮೌಲ್ಯಮಾಪನ, ಇವೆಲ್ಲ ಓದಿ ಬರೆಯುವುದು. ಅದು ಹೇಗೂ ಆಗುತ್ತದೆ. ನಿಜವಾದ ಕಲಿಕೆ ಆಗುವುದು ಶಾಲೆಗೆ ಹೋಗುವ ವಾರಗಳಲ್ಲಿ. ಎರಡು ವರ್ಷದಲ್ಲಿ ಒಟ್ಟು ಕನಿಷ್ಠ 20 ವಾರ ಶಾಲೆಯಲ್ಲಿರಬೇಕು ಅಂತ ಈಗಿನ ನಿಯಮ. ನಮ್ಮ ಕಾಲದಲ್ಲಿ ಬಿಎಡ್ ಒಂದೇ ವರ್ಷ ಇತ್ತು, ಶಾಲೆಯಲ್ಲಿ ಸಿಗುತ್ತಿದ್ದ ದಿನಗಳೂ ಕಡಿಮೆ. ಅದಕ್ಕೇ ಹೇಳುತ್ತೇನೆ, ಆ 20 ವಾರ ನಿನಗೆ ಸಿಕ್ಕಿದ ಭಾಗ್ಯ.

ನನ್ನ ಟೀಚಿಂಗ್ ಪ್ರಾಕ್ಟೀಸಿನ ಮೂರನೇ ದಿನ. ಲಂಬಕೋನ ತ್ರಿಭುಜ ಬರೆದೆ. ಅದರ ಉದ್ದದ ಬಾಹುವನ್ನು ತೋರಿಸಿ ‘ಹೈಪಾಟೆನ್ಯೂಸ್’ ಅಂದೆ. ಮಕ್ಕಳು ಸುಮ್ಮನೆ ಕೂತರು. ಡಿಗ್ರಿಯ ಮೂರು ವರ್ಷ ಎಲ್ಲವೂ ಇಂಗ್ಲಿಷಿನಲ್ಲಿ ಓದಿದ್ದು, ಕನ್ನಡ ಶಬ್ದ ನಾಲಿಗೆಗೆ ಬರಲೇ ಇಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಮೆಲ್ಲಗೆ “ಕರ್ಣ, ಟೀಚರ್” ಅಂದ. ಆ ವಾರವೇ ಐದರಿಂದ ಹತ್ತರವರೆಗಿನ ಗಣಿತ ಪುಸ್ತಕಗಳನ್ನು ಕನ್ನಡದಲ್ಲಿ ಒಟ್ಟುಮಾಡಿ ಶಬ್ದ ಶಬ್ದ ಓದಿದೆ.

ಇನ್ನೊಂದು. ಭಿನ್ನರಾಶಿಯ ಮೇಲೆ ಒಂದು ಡಯಾಗ್ನಾಸ್ಟಿಕ್ ಟೆಸ್ಟ್ ಕೊಡಬೇಕಿತ್ತು. ಅಂದರೆ ಅಂಕ ಹಾಕುವುದಕ್ಕಲ್ಲ, ಮಗು ಎಲ್ಲಿ ಎಡವುತ್ತದೆ ಅಂತ ಹುಡುಕುವುದಕ್ಕೆ. 1/2 ಕ್ಕೆ 1/3 ಕೂಡಿಸಿದರೆ 2/5 ಅಂತ ಬರೆದವರು ಅರ್ಧ ಕ್ಲಾಸು. ಹಿಂದಿನ ದಿನವಷ್ಟೇ ಸರಿಯಾಗಿ ಹೇಳಿಕೊಟ್ಟಿದ್ದೆ, ಬೇಜಾರಾಯಿತು. ಒಬ್ಬನನ್ನು ಕರೆದು ಕೇಳಿದೆ. ಅವನು ಹೇಳಿದ: “ಟೀಚರ್, ಎರಡು ಬಾಲಿನಲ್ಲಿ ಒಂದು ಫೋರ್. ಆಮೇಲೆ ಮೂರು ಬಾಲಿನಲ್ಲಿ ಒಂದು ಫೋರ್. ಒಟ್ಟು ಐದರಲ್ಲಿ ಎರಡು ಅಲ್ವಾ?”

ಕ್ರಿಕೆಟಿನಲ್ಲಿ ಅವನು ಹೇಳಿದ್ದು ಸರಿ. ಅವನಿಗೆ ಛೇದ ಸಮ ಮಾಡುವುದು ಗೊತ್ತಿಲ್ಲ ಅಂತಲ್ಲ. ಅರ್ಧ ಅಂದರೆ ಯಾವುದರ ಅರ್ಧ ಅನ್ನುವುದೇ ಅವನಿಗೆ ಬೇರೆ ರೀತಿ ಕಂಡಿತ್ತು. ಮರುದಿನ ಒಂದೇ ಅಳತೆಯ ಕಾಗದದ ಎರಡು ಪಟ್ಟಿ ತಂದು ಮಡಿಸಿ ತೋರಿಸಿದೆ. ಅರ್ಧವೂ ಮೂರನೇ ಒಂದೂ ಪಕ್ಕಪಕ್ಕ ಇಟ್ಟಾಗ ಅವನೇ ಹೇಳಿದ, “ಇದು ಅರ್ಧಕ್ಕಿಂತ ಜಾಸ್ತಿ ಆಯ್ತು, 2/5 ಅರ್ಧಕ್ಕಿಂತ ಕಡಿಮೆ.” ಅಪ್ಪನಿಗೆ ಇದನ್ನು ಹೇಳು. ಲೆಕ್ಕ ಬಿಡಿಸಲು ಡಿಗ್ರಿ ಸಾಕು. ಆ ಹುಡುಗ ಯಾಕೆ ಹಾಗೆ ಬರೆದ ಅಂತ ತಿಳಿಯಲು ಅವನ ಮಾತು ನಮಗೆ ಅರ್ಥವಾಗಬೇಕು. ಅವನು ಅದನ್ನು ಹೇಳಿದ್ದು ಕನ್ನಡದಲ್ಲಿ.

ಉಪ್ಪಳದಿಂದ

ಮಂಗಳೂರಿನ ಬಗ್ಗೆ ನಾನು ಹೇಳಬಹುದು, ಅಲ್ಲೇ ಬಿಎಡ್ ಮಾಡಿದವಳು. ಕಾಲೇಜು ಒಳ್ಳೆಯದಿತ್ತು, ಕನ್ನಡದಲ್ಲಿ ಮಾತಾಡಲು, ಬರೆಯಲು ಧಾರಾಳ ಅವಕಾಶ. ಆದರೆ ವಾಪಸ್ ಬಂದಾಗ ಒಂದು ಗಂಟು. ಕೇರಳದಲ್ಲಿ ಕೆಲಸಕ್ಕೆ ಹೊರ ರಾಜ್ಯದ ಬಿಎಡ್ ಅನ್ನು ಇಲ್ಲಿನ ವಿಶ್ವವಿದ್ಯಾಲಯ ಒಪ್ಪಿರಬೇಕು. ಅದಕ್ಕೆ ಈಕ್ವಿವಲೆನ್ಸಿ ಸರ್ಟಿಫಿಕೇಟ್ ಮಾಡಿಸಬೇಕು. ನಾನು ಅರ್ಜಿ ಹಾಕಿದಾಗ ಸಿಲೆಬಸ್ ಪ್ರತಿ ಬೇಕು ಅಂದರು, ಅದು ಕೊಟ್ಟಮೇಲೆ ಇನ್ನೊಂದು ಮಾರ್ಕ್‌ಲಿಸ್ಟ್ ಅಂದರು. ಅಷ್ಟರಲ್ಲಿ ಒಂದು ಶಾಲೆಯ ದಿನಗೂಲಿ ಇಂಟರ್‌ವ್ಯೂ ಕೈತಪ್ಪಿತು. ತುಂಬಾ ಅತ್ತಿದ್ದೆ. ಮಂಗಳೂರಿಗೆ ಹೋಗುವುದಾದರೆ ಸಿಲೆಬಸ್ಸಿನ ಸೀಲ್ ಹಾಕಿದ ಪ್ರತಿಯನ್ನು ಕಾಲೇಜು ಬಿಡುವ ಮೊದಲೇ ತೆಗೆದುಕೊಳ್ಳಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ನನ್ನ ಪಾಠ ಯೋಜನೆಗಳೆಲ್ಲ ಕರ್ನಾಟಕದ ಪಠ್ಯಪುಸ್ತಕದ ಮೇಲೆ. ಇಲ್ಲಿಗೆ ಬಂದಾಗ ಪಾಠದ ಕ್ರಮವೇ ಬೇರೆ. ಕರ್ನಾಟಕದ ಟಿಇಟಿ ಬೇರೆ, ಕೆ-ಟೆಟ್ ಬೇರೆ. ಗಡಿಯ ಆಚೆ ಕೆಲಸ ಮಾಡುವ ಮನಸ್ಸಿದ್ದರೆ ಮಂಗಳೂರು ಸರಿ. ನಿಮಗೆ ಬದಿಯಡ್ಕದ ಸುತ್ತಮುತ್ತಲೇ ಬೇಕಾದರೆ ಇಲ್ಲೇ ಓದಿ.

ಪೆರ್ಲದ ಎಲ್‌ಪಿ ಮಾಷ್ಟ್ರು

ಡಿಎಲ್‌ಎಡ್ ಬಗ್ಗೆ ಎರಡು ಮಾತು. ನಾನು ಮಾಯಿಪ್ಪಾಡಿ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಕಲಿತವನು, ಆಗ ಅದಕ್ಕೆ ಟಿಟಿಸಿ ಅನ್ನುತ್ತಿದ್ದೆವು. ಪ್ಲಸ್ ಟು ಆದಮೇಲೆ ಎರಡು ವರ್ಷ. ಮೊದಲು ಕೆಲವು ಕಡೆ ಬಿಎಡ್ ಆದವರೂ ಕೆಳಗಿನ ತರಗತಿಗೆ ಬರಬಹುದಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದು ಆಗುವುದಿಲ್ಲ ಅಂತ ಹೇಳಿತು. ಹಾಗಾಗಿ ಬಿಎಡ್ ಮಾಡಿ ಎಲ್‌ಪಿಗೂ (ಕಿರಿಯ ಪ್ರಾಥಮಿಕ) ಹೋಗಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡ ಮಗಳೇ. ಬಿಎಡ್ ಆದವರಿಗೆ ಯುಪಿ (ಹಿರಿಯ ಪ್ರಾಥಮಿಕ) ಉಂಟು, ಎರಡನೇ ಕೆಟಗರಿ ಬರೆಯಬೇಕು. ಎರಡೂ ಬರೆದಿಡು. ಟೆಟ್ ಸರ್ಟಿಫಿಕೇಟಿಗೆ ಈಗ ಜೀವನಪೂರ್ತಿ ಬೆಲೆ ಇದೆ.

ಟೆಟ್ ಅನ್ನು ಹಗುರವಾಗಿ ನೋಡಬೇಡ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ, ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಳೆಯ ಮಾಷ್ಟ್ರುಗಳೂ ಎರಡು ವರ್ಷದೊಳಗೆ ಪಾಸಾಗಬೇಕು ಅಂತ ಆಗಿದೆ. ನಮ್ಮ ಶಾಲೆಯಲ್ಲಿ 20 ವರ್ಷ ಪಾಠ ಮಾಡಿದ ಟೀಚರೊಬ್ಬರು ಮಕ್ಕಳು ಮಲಗಿದ ಮೇಲೆ ಕೂತು ಓದುತ್ತಿದ್ದಾರೆ.

ಮತ್ತೆ, ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದಲ್ಲಿ ಪಾಠ ಮಾಡಿದ ಊರು ನಿನ್ನದು. ಕನ್ನಡದಲ್ಲಿ ಕಲಿಸಬೇಕು ಅಂತ ಅಲ್ಲಿಂದ ಒಬ್ಬಳು ಕೇಳುತ್ತಾಳಲ್ಲ, ಖುಷಿಯಾಯಿತು.

ಬದಿಯಡ್ಕದ ಹುಡುಗಿ

ಟೀಚರೇ, ಅಕ್ಕಾ, ಮಾಷ್ಟ್ರೇ, ತುಂಬಾ ಉಪಕಾರ. ಕ್ರಿಕೆಟಿನ ಕಥೆಯನ್ನು ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಾಲಕ್ಕೆ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸುಂಟು?” ಅಂತ ಕೇಳಿದರು. ಹಾಗಾಗಿ ಇಲ್ಲೇ ಅರ್ಜಿ ಹಾಕುತ್ತೇನೆ. ಅಡ್ಮಿಶನ್ ಆಗುವವರೆಗೆ ಏನು ಓದಲಿ?

ಮುಳ್ಳೇರಿಯದ ಗಣಿತ ಟೀಚರ್

ಪಿಎಸ್‌ಸಿಯ (ಕೇರಳ ಲೋಕಸೇವಾ ಆಯೋಗ) ವೆಬ್‌ಸೈಟ್ ‘ತುಳಸಿ’ಯಲ್ಲಿ ಈಗಲೇ ರಿಜಿಸ್ಟರ್ ಮಾಡಿಡು. ‘ಹೈಸ್ಕೂಲ್ ಟೀಚರ್, ಗಣಿತ, ಕನ್ನಡ ಮಾಧ್ಯಮ’ ಅಂತ ಹುದ್ದೆಯನ್ನು ಪ್ರತ್ಯೇಕವಾಗಿ ಕರೆಯುತ್ತಾರೆ, ಎಲ್ಲ ವರ್ಷವೂ ಬರುವುದಿಲ್ಲ. ಬಂದಾಗ ಕಣ್ಣು ತಪ್ಪಬಾರದು.

ಓದುವುದಕ್ಕೆ ಎಂಟು, ಒಂಬತ್ತು, ಹತ್ತರ ಗಣಿತ ಪುಸ್ತಕ ಸಾಕು, ಕನ್ನಡದ್ದು. ಲೆಕ್ಕ ಬಿಡಿಸುವಾಗ ಗಟ್ಟಿಯಾಗಿ ಹೇಳುತ್ತಾ ಬಿಡಿಸು, ಮನೆಯಲ್ಲಿ ಯಾರಾದರೂ ಕೇಳುವ ಹಾಗೆ. ಆ ತುಳು ಮನೆಯ ಗೆಳತಿ ಈಗ ಎಲ್ಲಿದ್ದಾಳೆ? ಹತ್ತಿರವಿದ್ದರೆ ಒಂದು ಭಾನುವಾರ ಕರೆದು ಕೂರಿಸಿ ವೃತ್ತದ ಪಾಠ ಅವಳಿಗೆ ಹೇಳಿಕೊಡು. ಎಲ್ಲಿ ಅವಳ ಮುಖ ಗೊಂದಲವಾಗುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೋ. ಬಿಎಡ್‌ಗೆ ಹೋಗುವಾಗ ಆ ಪುಸ್ತಕ ಬ್ಯಾಗಿನಲ್ಲಿರಲಿ.