ಕುಲಕರ್ಣಿ ಬಳಗ: ಆ ಕಾರ್ಡಿನ ಮೇಲಿನ 1860

ಬಾಗಲಕೋಟೆ ಕಾಕಾ, ಬೆಳಿಗ್ಗೆ 7:12
(ಮೂರು ಫೋಟೊ)
ಎಲ್ಲರೂ ನೋಡಿರಿ. ಮೊದಲನೆಯದು ಪುಣೆಯ ಪತ್ರಾಗಾರದ ಮೋಡಿ ಕಾಗದ, ಅಂದರೆ ಮರಾಠಿಯ ಹಳೆಯ ಕೂಡುಬರಹದ ಲಿಪಿಯದು. ಎರಡನೆಯದು ಕಲಾದಗಿ ಜಿಲ್ಲೆಯ ಇನಾಮು ದಾಖಲೆ. ಮೂರನೆಯದು ನಮ್ಮದೇ ಟ್ರಂಕಿನ ಕಾರ್ಡು, 1860ರದ್ದು. ಹಲಗಲಿಯ ಬೇಡರ ದಂಗೆಯಾಗಿ ಮೂರೇ ವರ್ಷ! ಮೂರರಲ್ಲೂ ಕುಲಕರ್ಣಿ ಎಂದಿದೆ. ವಂಶಾವಳಿ ಪುಸ್ತಕದ ಮೊದಲ ಪುಟ ಸಿದ್ಧವಾಯಿತು. ಮೂಲಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಿ ನಾಲ್ಕೂ ಮನೆಗಳಿಗೆ ಹಂಚುತ್ತೇನೆ.

ಬೆಳಗಾವಿ ಅಣ್ಣ, 7:20
ಕಾಕಾ, ಅದ್ಭುತ. ಇಷ್ಟು ಹಳೆಯ ಮನೆತನ ಎಂದು ಗೊತ್ತಿರಲಿಲ್ಲ.

ನಾನು, 7:48
ಕಾಕಾ, ದಯವಿಟ್ಟು ಮೊದಲ ಪುಟವನ್ನು ಇನ್ನೂ ಅಚ್ಚಿಗೆ ಕೊಡಬೇಡಿರಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಬಿಡಿಸಲು ಹೋದರೆ ಕಾಗದವೂ ಅದರ ಜೊತೆಗೇ ಕಿತ್ತು ಬರುತ್ತದೆ.

ಬಾಗಲಕೋಟೆ ಕಾಕಾ, 7:51
ತಮ್ಮಾ, ಆರು ತಿಂಗಳು ಓಡಾಡಿದವನು ನಾನು. ತಕರಾರು ತೆಗೆಯುವುದು ಸುಲಭ.

ನಾನು, 8:15
ನಿಮ್ಮ ಓಡಾಟಕ್ಕೆ ಬೆಲೆ ಇದೆ ಎಂದೇ ಹೇಳುತ್ತಿದ್ದೇನೆ, ಕಾಕಾ. ಕುಲಕರ್ಣಿ ಎಂಬುದು ಊರಿನ ಲೆಕ್ಕ ಬರೆಯುವ ವತನದ, ಅಂದರೆ ವಂಶಪಾರಂಪರ್ಯದ ಹುದ್ದೆಯ, ಹೆಸರು. ಗೌಡಕಿ ಒಬ್ಬರಿಗಿದ್ದರೆ ಕುಲಕರ್ಣಿಕಿ ಇನ್ನೊಬ್ಬರಿಗೆ. ಊರೂರಿಗೂ ಒಂದೊಂದು ಮನೆ. 1950ರಲ್ಲಿ ಮುಂಬೈ ಸರ್ಕಾರ ಕಾಯ್ದೆ ತಂದು ಆ ವತನವನ್ನು ರದ್ದು ಮಾಡಿತು, ಅಡ್ಡಹೆಸರು ಮಾತ್ರ ನಮಗೆಲ್ಲ ಉಳಿಯಿತು. ಪುಣೆಯ ಮೋಡಿ ಕಾಗದದಲ್ಲಿರುವ ಕುಲಕರ್ಣಿ ಯಾವ ಊರಿನವರು?

ಬಾಗಲಕೋಟೆ ಕಾಕಾ, 8:19
ಮೋಡಿ ಓದುವವರು ಸಿಗಬೇಕಲ್ಲ. ಹೆಸರು ಅಲ್ಲಿದೆ ಎಂದು ಪರಿಚಯದವರು ಗುರುತು ಹಾಕಿ ಕೊಟ್ಟರು. ಕಲಾದಗಿ ಜಿಲ್ಲೆ ಮಾತ್ರ ನಮ್ಮದೇ, ಅದನ್ನಾದರೂ ಒಪ್ಪುತ್ತೀಯೋ ಇಲ್ಲವೋ?

ವಿಜಯಪುರದ ಅಕ್ಕ, 8:31
ಕಾಕಾ, ನಾನಿರುವ ವಿಜಯಪುರವೂ ಆಗ ಕಲಾದಗಿ ಜಿಲ್ಲೆಯೇ. ಕಚೇರಿ 1885ರಲ್ಲಿ ಇಲ್ಲಿಗೆ ಬಂತು. ಈಗಿನ ಎರಡು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಅಷ್ಟೂ ಹಳ್ಳಿಗಳ ಕುಲಕರ್ಣಿಯರು ನಮ್ಮ ಅಣ್ಣತಮ್ಮಂದಿರಾಗಲು ಸಾಧ್ಯವೇ?

ಬೆಳಗಾವಿ ಅಣ್ಣ, 8:34
ಒಂದು ಪುಟ ಹೆಚ್ಚಾದರೆ ಯಾರಿಗೆ ನಷ್ಟ? ಮಕ್ಕಳಿಗೆ ಅಭಿಮಾನ ಬರುತ್ತದೆ.

ನಾನು, 8:52
ನಷ್ಟ ಇದೆ, ಅಣ್ಣ. ಬೇರೆಯವರ ಹಿರಿಯರನ್ನು ನಮ್ಮ ಮನೆಗೆ ಕರೆದುಕೊಂಡಂತಾಗುತ್ತದೆ, ಮತ್ತು ನಮ್ಮವರು ಮೂಲೆಗೆ ಸರಿಯುತ್ತಾರೆ. ಮೂರನೆಯ ಫೋಟೊವನ್ನು ದೊಡ್ಡದು ಮಾಡಿ ನೋಡು. ಅಂಚೆ ಕಾರ್ಡು ಅದು, ಆರನೆಯ ಜಾರ್ಜ್ ದೊರೆಯ ತಲೆ, ಒಂಬತ್ತು ಪೈ. ನಮ್ಮ ದೇಶದಲ್ಲಿ ಅಂಚೆ ಕಾರ್ಡು ಬಂದದ್ದೇ 1879ರಲ್ಲಿ. ಮೇಲುಗಡೆ ಮಸಿ ಹರಡಿದ ಜಾಗದಲ್ಲಿ ‘ಶಕೆ 1860, ಬಹುಧಾನ್ಯ ಸಂವತ್ಸರ, ಆಷಾಢ ಬಹುಳ’ ಎಂದಿದೆ. ಅದು ಶಾಲಿವಾಹನ ಶಕೆ, ಇಸವಿಯಲ್ಲ. ಶಕೆಗೆ 78 ಕೂಡಿಸಿದರೆ ಇಸವಿ 1938. ಅಕ್ಕನ ಮಗಳು ಹುಟ್ಟಿದ 1998ರಲ್ಲಿಯೂ ಬಹುಧಾನ್ಯವೇ ಇತ್ತು, ಅರವತ್ತು ವರ್ಷದ ಸುತ್ತು ಸರಿಯಾಗಿ ಕೂಡುತ್ತದೆ. ಇಸವಿ 1860 ಆಗಿದ್ದರೆ ರೌದ್ರಿ ಸಂವತ್ಸರ ಇರಬೇಕಿತ್ತು.

ಬಾಗಲಕೋಟೆ ಕಾಕಾ, 9:10
ಶಕೆ ಎಂಬ ಅಕ್ಷರ ನನಗೆ ಕಾಣಲಿಲ್ಲ. ಕನ್ನಡಕ ಬದಲಿಸಬೇಕು. ಹಾಗಾದರೆ ಇದು ನಮ್ಮ ಅಜ್ಜನ ಕೈಬರಹವೇ?

ನಾನು, 9:14
ಹೌದು ಎನ್ನಿಸುತ್ತದೆ. ‘ಕೆರೂರ’ ಎಂಬ ಅಂಚೆ ಮುದ್ರೆ ಅರ್ಧ ಮೂಡಿದೆ. ಒಕ್ಕಣೆ ಓದಿರಿ: ‘ಉಭಯ ಕುಶಲೋಪರಿ. ಪಂಚಮಿಗೆ ಚಿ. ಗಂಗೆಯನ್ನು ಕರೆತರಲು ಅಮಾವಾಸ್ಯೆಯ ಮರುದಿನ ಚಕ್ಕಡಿ ಕಳಿಸುತ್ತೇವೆ. ಮಳೆ ಹೆಚ್ಚಾದರೆ ಎರಡು ದಿನ ತಡವಾದೀತು, ಅವಳು ದಾರಿ ನೋಡಿ ಅಳದಂತೆ ಹೇಳಿರಿ.’ ಕಾಕಾ, ನಿಮ್ಮ ವಂಶಾವಳಿಯಲ್ಲಿ ಈ ಗಂಗೆ ಎಲ್ಲಿದ್ದಾಳೆ?

ಬಾಗಲಕೋಟೆ ಕಾಕಾ, 9:16
ಹೆಣ್ಣುಮಕ್ಕಳ ಹೆಸರು ವಂಶಾವಳಿಯಲ್ಲಿ ಬರುವುದಿಲ್ಲ. ಪದ್ಧತಿ ಹಾಗಿದೆ.

ಜಮಖಂಡಿ ಅತ್ತೆ, 9:40
ಬೆಳಗಿನಿಂದ ಓದುತ್ತಿದ್ದೇನೆ, ಟೈಪು ಮಾಡಲು ನನಗೆ ಹೊತ್ತು ಹಿಡಿಯುತ್ತದೆ. ಗಂಗಕ್ಕ ನಮ್ಮ ಅಪ್ಪನ ಅಕ್ಕ, ನನ್ನ ಸೋದರತ್ತೆ. ಗುಳೇದಗುಡ್ಡದ ದೇಶಪಾಂಡೆಯವರ ಮನೆಗೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ತವರಿಗೆ ಬಂದಳು. ಆ ಟ್ರಂಕು ಕುಲಕರ್ಣಿಯರದ್ದಲ್ಲ, ಅವಳದ್ದು. ಒಳಗಿದ್ದ ಕಾಗದಗಳನ್ನೆಲ್ಲ ಮಳೆಗಾಲ ಮುಗಿದ ಕೂಡಲೇ ಬಿಸಿಲಿಗೆ ಹರವಿ, ಬೇವಿನ ಎಲೆ ಹಾಕಿ ಮತ್ತೆ ಇಡುತ್ತಿದ್ದವಳು ಅವಳು. ನನಗೆ ಅಕ್ಷರ ತಿದ್ದಿಸಿದ್ದು ಆ ಕಾರ್ಡುಗಳ ಮೇಲೆಯೇ.

ವಿಜಯಪುರದ ಅಕ್ಕ, 9:44
ಅತ್ತೆ, ಇದನ್ನು ನೀವು ಯಾವತ್ತೂ ಹೇಳಿರಲಿಲ್ಲ.

ಜಮಖಂಡಿ ಅತ್ತೆ, 9:52
ಯಾರೂ ಕೇಳಿರಲಿಲ್ಲ.

ನಾನು, 9:58
ಕಾಕಾ, ಟ್ರಂಕಿನಲ್ಲಿ ಈ ಒಂದೇ ಕಾರ್ಡು ಇತ್ತೇ?

ಬಾಗಲಕೋಟೆ ಕಾಕಾ, 10:05
ಇಲ್ಲ. ಕುಲಕರ್ಣಿ ಎಂದು ಬರೆದವನ್ನು ಆರಿಸಿಕೊಂಡೆ. ದೇಶಪಾಂಡೆ, ಜೋಶಿ, ಹೀಗೆ ಬೇರೆ ಅಡ್ಡಹೆಸರಿನವು ಬಹಳ ಇದ್ದವು. ನಮಗೆ ಸಂಬಂಧವಿಲ್ಲ ಎಂದು ಚೀಲಕ್ಕೆ ತುಂಬಿದ್ದೇನೆ. ರದ್ದಿಯವನು ನಾಳೆ ಬರುತ್ತಾನೆ.

ನಾನು, 10:06
ಕಾಕಾ, ಬೇಡ! ಅವುಗಳಲ್ಲಿ ಅವಳ ತಂಗಿಯರು, ಬೀಗರು, ಗೆಳತಿಯರು ಬರೆದವು ಇರುತ್ತವೆ. ಆರಿಸಿದವನ್ನೂ ಅದೇ ಟ್ರಂಕಿಗೆ ಹಾಕಿರಿ. ಕಟ್ಟುಗಳಿಗೆ ದಾರ ಇದ್ದರೆ ಬಿಚ್ಚಬೇಡಿರಿ, ಅವಳು ಯಾವುದರ ಜೊತೆ ಯಾವುದನ್ನು ಕಟ್ಟಿದ್ದಳೋ ಅದೂ ಗೊತ್ತಾಗಬೇಕು. ಭಾನುವಾರ ನಾನೇ ಬಂದು ಒಂದೊಂದರ ಎರಡೂ ಬದಿ ಫೋಟೊ ತೆಗೆದು ಗುಂಪಿಗೆ ಹಾಕುತ್ತೇನೆ. ನಾಲ್ಕೂ ಮನೆಗಳಿಗೆ ಆ ಪ್ರತಿಗಳು ಸಾಕು.

ಬೆಳಗಾವಿ ಅಣ್ಣ, 10:11
ನಾನೂ ಬರುತ್ತೇನೆ. ಅತ್ತೆಯನ್ನು ಜಮಖಂಡಿಯಿಂದ ಕಾರಿನಲ್ಲಿ ಕರೆತರುತ್ತೇನೆ.

ಬಾಗಲಕೋಟೆ ಕಾಕಾ, 10:30
ಚೀಲವನ್ನು ಪಡಸಾಲೆಯಿಂದ ಒಳಗೆ ತಂದಿಟ್ಟೆ. ಏಳು ಕಟ್ಟುಗಳಿವೆ, ಕೆಂಪು ದಾರ. ಮೂರಕ್ಕೆ ದಾರ ನಾನೇ ಬಿಚ್ಚಿಬಿಟ್ಟಿದ್ದೇನೆ. ಅಕ್ಕಾ, ಯಾವುದು ಯಾವುದರ ಜೊತೆ ಇತ್ತೆಂದು ನಿನಗೆ ನೆನಪಿದೆಯೇ?

ಜಮಖಂಡಿ ಅತ್ತೆ, 10:47
ಮೇಲಿನದು ಪಂಚಮಿಯವು. ಉಳಿದವನ್ನು ಕೈಯಲ್ಲಿ ಹಿಡಿದರೆ ಹೇಳುತ್ತೇನೆ.