ಶಿರಸಿ ಕಡೆ ತೋಟದ ಮನೆಗೆ ಫೈಬರ್ ನೆಟ್: ರಾತ್ರಿ ಸಿನಿಮಾ ನಿಂತು ನಿಂತು ಬರ್ತದೆ, ಪ್ಲಾನ್ ಏರಿಸಬೇಕಾ?

ಸೋಗೆಮಾಡು (ಪ್ರಶ್ನೆ):

ಮನೆ ಶಿರಸಿ–ಕುಮಟಾ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ತೋಟದ ಅಂಚಿಗೆ. ಊರಿನ ಕೇಬಲ್‌ನವರು ಎಳೆದ ಫೈಬರ್, 100 ಎಂಬಿಪಿಎಸ್ ಪ್ಲಾನ್. ರಾತ್ರಿ 9ಕ್ಕೆ ಸಿನಿಮಾ ಹಾಕಿದರೆ ಹತ್ತು ನಿಮಿಷ ಚೆನ್ನಾಗಿ ಓಡ್ತದೆ, ಆಮೇಲೆ ಚಿತ್ರ ಮಬ್ಬಾಗ್ತದೆ, ಕಡೆಗೆ ಸುತ್ತುತ್ತಾ ಕೂತು ಬಿಡ್ತದೆ. ಗಾಳಿ-ಮಳೆಯ ದಿನ ಮೋಡೆಮ್‌ನ ಎಲ್‌ಒಎಸ್ ದೀಪ (ಫೈಬರಿನ ಸಿಗ್ನಲ್ ತಪ್ಪಿದರೆ ಹತ್ತುವಂಥದ್ದು) ಕೆಂಪಗೆ ಮಿಟುಕ್ತದೆ. ಮೋಡೆಮ್ ಇರೋದು ಜಗಲಿಯಲ್ಲಿ, ಟಿವಿ ಮಾಳಿಗೆ ಮೇಲೆ, ನಡುವೆ ಎರಡು ಚಿರೆಕಲ್ಲಿನ ಗೋಡೆ. ಮೋಡೆಮ್ ಪಕ್ಕ ಫೋನಿನಲ್ಲಿ ಅಳೆದರೆ 92, ಟಿವಿ ಹತ್ತಿರ 11. ಮೋಡೆಮ್‌ನ ಸೆಟ್ಟಿಂಗ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’ ಅಂತ -27.6 ಬರೆದಿದೆ, ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. 300ರ ಪ್ಲಾನ್ ಹಾಕಿಸಿದರೆ ಎಲ್ಲ ಸರಿಯಾಗ್ತದೆ ಅಂತಾರೆ. ಹೌದಾ?

ಮತ್ತೊಂದು. ಕತ್ತಲೆಯ ದೃಶ್ಯ ಬಂದರೆ ಚೌಕ ಚೌಕ ಕಾಣ್ತದೆ. ಮಾತು ಕೇಳೋದಿಲ್ಲ ಅಂತ ವಾಲ್ಯೂಮ್ ಏರಿಸಿದರೆ ಹೊಡೆದಾಟಕ್ಕೆ ಮನೆ ಅದುರ್ತದೆ. ಇದೂ ನೆಟ್‌ದೇ ತೊಂದರೆಯಾ?

ಕಾಳಿಸಂಗಮ:

ಪ್ಲಾನ್ ಏರಿಸಬೇಡಿ. ನೀವು ಕೊಟ್ಟ ಅಂಕಿಗಳಲ್ಲಿ ಮುಖ್ಯವಾದದ್ದು ಆ -27.6. ಅದು ಫೈಬರಿನಲ್ಲಿ ನಿಮ್ಮ ಮನೆಗೆ ಬಂದು ಮುಟ್ಟುವ ಬೆಳಕಿನ ಅಳತೆ, ಡಿಬಿಎಂ ಲೆಕ್ಕದಲ್ಲಿ. ಮೈನಸ್ ದೊಡ್ಡದಾದಷ್ಟೂ ಬೆಳಕು ಕಮ್ಮಿ. ಪ್ರತಿ 3 ಡಿಬಿಗೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಮನೆಯ ಫೈಬರಿಗೆ ಬಳಸುವ ಸಾಮಾನ್ಯ ಜಿಪಾನ್ ಮೋಡೆಮ್ -27ರ ತನಕ ಓದಬಲ್ಲದು. ನಿಮ್ಮದು ಗೆರೆ ದಾಟಿ ಹೇಗೋ ಓಡುತ್ತಿದೆ. ಗಾಳಿಗೆ ತಂತಿ ಸ್ವಲ್ಪ ತೂಗಿದರೂ ಕೆಂಪು ದೀಪ ಹತ್ತುವುದು ಅದಕ್ಕೇ. -15ರಿಂದ -24ರ ಒಳಗೆ ಇದ್ದರೆ ನೆಮ್ಮದಿ.

ಎಷ್ಟು ಬರಬೇಕಿತ್ತು ಅಂತ ಲೆಕ್ಕ ಹಾಕಿ. ಕೇಬಲ್‌ನವರ ಕಡೆಯ ಯಂತ್ರ ಸುಮಾರು +4 ಡಿಬಿಎಂ ಬಿಡುತ್ತದೆ. ಬೆಳಕನ್ನು ಎಂಟು ಪಾಲು ಮಾಡುವ ಒಂದು ಸ್ಪ್ಲಿಟರ್ 10 ಡಿಬಿಗಿಂತ ತುಸು ಹೆಚ್ಚು ನುಂಗುತ್ತದೆ. ದಾರಿಯಲ್ಲಿ ಅಂಥವು ಎರಡಿದ್ದರೆ 21. ಫೈಬರ್ ಕಿಲೋಮೀಟರಿಗೆ 0.3ರಂತೆ ಆರು ಕಿಲೋಮೀಟರಿಗೆ 2. ಕನೆಕ್ಟರ್, ಜೋಡಣೆ ಎಲ್ಲ ಸೇರಿ 1ರಿಂದ 2. ಅಂದರೆ ಮನೆಯಲ್ಲಿ -20, -21 ಸಿಗಬೇಕು. ಉಳಿದ ಆರೇಳು ಡಿಬಿ ದಾರಿಯಲ್ಲಿ ಸೋರುತ್ತಿದೆ. ಎಲ್ಲಿ ಅಂತ ಹುಡುಕಬೇಕು.

ಮೊದಲು ಮನೆಯೊಳಗೆ ನೋಡಿ. ಮೋಡೆಮ್‌ಗೆ ಬರುವ ತೆಳು ಹಳದಿ ಅಥವಾ ಬಿಳಿ ಪ್ಯಾಚ್ ಕಾರ್ಡ್ ಎಲ್ಲೂ ಚೂಪಾಗಿ ಬಾಗಿರಬಾರದು. ಹಳೆಯ ನಮೂನೆಯ ಫೈಬರಿಗೆ 30 ಮಿ.ಮೀ. ತ್ರಿಜ್ಯದ ಬಳಸು ಬೇಕು, ಅಂದರೆ ಸುರುಳಿ ಸುತ್ತಿದರೆ ಚಹಾದ ತಟ್ಟೆಗಿಂತ ತೀರಾ ಚಿಕ್ಕದಾಗಬಾರದು. ಕಿಟಕಿ ಸರಳಿಗೆ ಪ್ಲಾಸ್ಟಿಕ್ ಟೈ ಹಾಕಿ ಬಿಗಿದದ್ದು, ಬಾಗಿಲ ಚೌಕಟ್ಟಿಗೆ ಮೊಳೆ ಕ್ಲಿಪ್ ಹೊಡೆದದ್ದು, ಕಪಾಟಿನ ಹಿಂದೆ ಒತ್ತಿದ್ದು, ಸಾಮಾನ್ಯವಾಗಿ ಈ ಮೂರರಲ್ಲಿ ಒಂದು.

ಆಮೇಲೆ ಕನೆಕ್ಟರಿನ ಬಣ್ಣ. ಹಸಿರಿನದ್ದು ಎಪಿಸಿ, ಅದರ ತುದಿ 8 ಡಿಗ್ರಿ ಓರೆಯಾಗಿ ಕಡಿದಿರುತ್ತದೆ. ನೀಲಿಯದ್ದು ಯುಪಿಸಿ, ತುದಿ ನೇರ. ಹಸಿರನ್ನು ನೀಲಿಗೆ ತುರುಕಿದರೆ ಕೂರುತ್ತದೆ, ನೆಟ್ಟೂ ಬರುತ್ತದೆ, ಆದರೆ ನಡುವೆ ಗಾಳಿಯ ಸಂದು ಉಳಿದು ಹಲವು ಡಿಬಿ ಅಲ್ಲೇ ಹೋಗುತ್ತದೆ. ತುದಿಯನ್ನು ಅಂಗಿಯ ಚುಂಗಿನಿಂದ ಒರೆಸಬೇಡಿ. ಬೆಳಕು ಹಾಯುವ ಗಾಜಿನ ತಿರುಳು 9 ಮೈಕ್ರಾನ್ ಅಷ್ಟೇ, ಬೆರಳಿನ ಎಣ್ಣೆ ಮೆತ್ತಿದರೂ ಅದು ಮುಚ್ಚಿಹೋಗುತ್ತದೆ. ಒರೆಸಲು ಪೆನ್ನಿನಂಥ ಕ್ಲೀನರ್ ಸಿಗುತ್ತದೆ, ಅದನ್ನೇ ಬಳಸಿ. ತುದಿಯೊಳಗೆ ಕಣ್ಣಿಟ್ಟು ಮಾತ್ರ ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾನಿ ಮಾಡುತ್ತದೆ.

ಹೊರಗಿನದ್ದು ಅವರ ಕೆಲಸ. ಅಡಕೆ ಮರದಿಂದ ಮರಕ್ಕೆ ಕಟ್ಟಿದ ತಂತಿಯ ಮೇಲೆ ಸೋಗೆ ಬೀಳುತ್ತದೆ, ಮಂಗ ಜೋತಾಡುತ್ತದೆ, ಕಟ್ಟಿದ ಜಾಗದಲ್ಲೇ ತಂತಿ ಮುರಿದಂತೆ ಬಾಗುತ್ತದೆ. ಜಾಯಿಂಟ್ ಬಾಕ್ಸಿನಲ್ಲಿ ಇರುವೆ ಗೂಡು ಕಟ್ಟಿದರೆ ಕೈಯಿಂದ ಒತ್ತಿ ಹಾಕಿದ ಕನೆಕ್ಟರಿನೊಳಗೆ ಮಣ್ಣು, ತೇವ ಸೇರುತ್ತದೆ. ಫೋನಿನಲ್ಲಿ ‘ನೆಟ್ ಸ್ಲೋ’ ಅನ್ನಬೇಡಿ. ‘ಆರ್‌ಎಕ್ಸ್ -27.6 ಇದೆ, ಪವರ್ ಮೀಟರ್ ತಂದು ಬಾಕ್ಸಿನಲ್ಲಿ ಅಳೆಯಿರಿ, ಸ್ಪ್ಲೈಸಿಂಗ್ ಮಷಿನ್‌ನಲ್ಲೇ ಜೋಡಿಸಿ’ ಅನ್ನಿ. ಗಾಜನ್ನು ಕರಗಿಸಿ ಬೆಸೆಯುವ ಆ ಮಷಿನ್ ಜೋಡಣೆಯಲ್ಲಿ ಹೋಗುವುದು 0.1 ಡಿಬಿಯೂ ಇಲ್ಲ. ಕೈಯಿಂದ ಒತ್ತಿದ್ದರಲ್ಲಿ ಅರ್ಧ ಡಿಬಿ ಹೋಗುತ್ತದೆ, ಮಳೆಗಾಲ ಕಳೆದಂತೆ ಇನ್ನೂ ಹೆಚ್ಚು.

ಹಂಚಿನಮನೆ:

ಬೆಳಕಿನ ಮಾತು ಮೇಲೆ ಆಯ್ತು. ಟಿವಿ ಹತ್ತಿರ 11 ಬರೋದಕ್ಕೆ ಕಾರಣ ಬೇರೆ, ಅದು ಗೋಡೆ ಮಾರಾಯ್ರೆ. ಚಿರೆಕಲ್ಲು ದಪ್ಪ, ಮೇಲಿಂದ ಮಳೆಗಾಲದಲ್ಲಿ ನೀರು ಕುಡಿದು ಕೂತಿರ್ತದೆ. ವೈಫೈ ಅಲೆಯನ್ನು ನೀರು ಹೀರ್ತದೆ. 5 ಗಿಗಾಹರ್ಟ್ಸ್ ಅಂಥ ಎರಡು ಗೋಡೆ ದಾಟೋದು ಕಷ್ಟ, 2.4 ದಾಟ್ತದೆ, ಆದರೆ ವೇಗ ಉಳಿಯೋದಿಲ್ಲ.

ಗೋಡೆಯ ಪ್ಲಗ್ಗಿಗೆ ಹಾಕುವ ರಿಪೀಟರ್ ತರಬೇಡಿ. ಒಂದೇ ಅಲೆಯಲ್ಲಿ ಕೇಳಿಸಿಕೊಂಡು ಅದೇ ಅಲೆಯಲ್ಲಿ ತಿರುಗಿ ಹೇಳ್ತದೆ, ಹಾಗಾಗಿ ವೇಗ ಅರ್ಧಕ್ಕೆ ಬೀಳ್ತದೆ. ಜಗಲಿಯಿಂದ ಮಾಳಿಗೆಗೆ ಕ್ಯಾಟ್-6 ಲ್ಯಾನ್ ಕೇಬಲ್ ಎಳೆಯಿರಿ. 20–25 ಮೀಟರ್ ಸಾಕು; 100 ಮೀಟರ್ ತನಕ ಏನೂ ತೊಂದರೆ ಇಲ್ಲ. ಕೊಳ್ಳುವಾಗ ‘ಸಿಸಿಎ’ ಅಂತ ಬರೆದದ್ದು ಬೇಡ, ಅದು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ, ಪ್ಲಗ್ ಒತ್ತಿ ಕೂರಿಸಿದಲ್ಲೇ (ಕ್ರಿಂಪ್) ಮುರೀತದೆ. ಅಚ್ಚ ತಾಮ್ರದ್ದೇ ಕೇಳಿ. ಅಟ್ಟದಲ್ಲಿ ಇಲಿ ಓಡಾಡೋದರಿಂದ 20 ಮಿ.ಮೀ. ಪಿವಿಸಿ ಪೈಪಿನೊಳಗೆ ಹಾಕಿ, ಕರೆಂಟು ವೈರಿನಿಂದ ಒಂದು ಗೇಣು ದೂರ ಇಡಿ.

ಕೇಬಲಿನ ಒಳಗಿನ ಎಂಟು ತಂತಿಗೆ ಎರಡೂ ತುದಿಯ ಪ್ಲಗ್ಗಿನಲ್ಲಿ ಒಂದೇ ಕ್ರಮ: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಹಸಿರಿನ ಜೋಡಿಯನ್ನು ಒಟ್ಟಿಗೆ ಇಟ್ಟು ಬಿಡೋದು ಎಲ್ಲರೂ ಮಾಡುವ ತಪ್ಪು. ಅದರ ನಡುವೆ ನೀಲಿ ಜೋಡಿ ಬರಬೇಕು.

ಟಿವಿಗೆ ಮಾತ್ರ ಬೇಕಾದರೆ ಕೇಬಲನ್ನು ನೇರ ಅದರ ಲ್ಯಾನ್ ಪೋರ್ಟಿಗೆ ಕೊಡಿ. ಬಹಳಷ್ಟು ಟಿವಿಗಳ ಆ ಪೋರ್ಟ್ 100 ಎಂಬಿಪಿಎಸ್‌ದೇ ಇರ್ತದೆ. 300ರ ಪ್ಲಾನ್ ಹಾಕಿಸಿದರೂ ಆ ತಂತಿಯಲ್ಲಿ ಟಿವಿಗೆ 100 ದಾಟೋದಿಲ್ಲ. ಮಾಳಿಗೆಯಲ್ಲಿ ಫೋನಿಗೂ ಬೇಕಾದರೆ ಅಲ್ಲೊಂದು ಹಳೆಯ ರೂಟರ್ ಇಟ್ಟು, ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ವ್ಯಾನ್ (ಹೊರಗಿನ ನೆಟ್‌ಗೆ ಇರುವ ಪೋರ್ಟ್) ಬಿಟ್ಟು ಲ್ಯಾನ್ ಪೋರ್ಟಿಗೇ ಚುಚ್ಚಿ. ಅದರ ವಿಳಾಸ ಮೋಡೆಮ್‌ನದ್ದಕ್ಕಿಂತ ಬೇರೆ ಇರಲಿ.

ಟೆಂಟ್‌ಸಿನಿಮಾ:

ಸಿನಿಮಾದ ಭಾಗಕ್ಕೆ ನಾನು ಹೇಳುತ್ತೇನೆ. ನೆಟ್‌ಫ್ಲಿಕ್ಸ್ ತಾನೇ ಕೇಳುವುದು 4ಕೆಗೆ 15 ಎಂಬಿಪಿಎಸ್, 1080ಪಿಗೆ 5. ನಿಮ್ಮ 11ರಲ್ಲಿ 4ಕೆ ಶುರುವಾಗುತ್ತದೆ, ಆದರೆ ಕೊನೆಯ ತನಕ ಉಳಿಯುವುದಿಲ್ಲ. ಕೂಡಿಟ್ಟ ದತ್ತಾಂಶ ಮುಗಿದ ಕೂಡಲೇ ಆಪ್ ಕೆಳಗಿನ ಗುಣಮಟ್ಟಕ್ಕೆ ಜಾರುತ್ತದೆ. ಹತ್ತು ನಿಮಿಷದ ನಂತರ ಮಬ್ಬಾಗುವುದು ಇದೇ. 4ಕೆ ಗಂಟೆಗೆ ಸುಮಾರು 7 ಜಿಬಿ. ತಿಂಗಳಿಗೆ 3300 ಜಿಬಿ ಮಿತಿಯ ಪ್ಲಾನ್ ಆದರೆ ದಿನಕ್ಕೊಂದು ಸಿನಿಮಾ ನೋಡಿದರೂ ಅರ್ಧ ಮುಟ್ಟುವುದಿಲ್ಲ.

ಕತ್ತಲೆಯ ಚೌಕಗಳಿಗೆ ಎರಡು ಕಾರಣ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬರುವ ದತ್ತಾಂಶ, ಇಳಿದಾಗ ಸಂಕೋಚನ ಮೊದಲು ಕೈಬಿಡುವುದು ಕಪ್ಪಿನ ಒಳಗಿನ ಸಣ್ಣ ವ್ಯತ್ಯಾಸಗಳನ್ನು. ‘ಕಾಂತಾರ’ದ ರಾತ್ರಿ ಕೋಲದ ಭಾಗ ಹಾಕಿ, ಬೆಂಕಿಯ ಬೆಳಕು ಕತ್ತಲೆಗೆ ಕರಗುವ ಅಂಚನ್ನೇ ನೋಡಿ: ಬಿಟ್‌ರೇಟ್ ಸಾಲದಿದ್ದರೆ ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಾಣುತ್ತದೆ. ನಮ್ಮ ಕರಾವಳಿಯ ಕಪ್ಪನ್ನು ಇಷ್ಟು ಹಚ್ಚಿಕೊಂಡು ತೆಗೆದ ಚಿತ್ರವನ್ನು ಹಾಗೆ ನೋಡುವುದು ನಿಜಕ್ಕೂ ನಷ್ಟ. ಎರಡನೆಯ ಕಾರಣ ಟಿವಿಯದ್ದು. ಅಂಗಡಿಯಿಂದ ಬಂದ ‘ವಿವಿಡ್’ ಮೋಡ್ ಕಪ್ಪನ್ನು ಎತ್ತಿ ಆ ಚೌಕಗಳನ್ನು ತೋರಿಸುತ್ತದೆ. ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್‌ಗೆ ಹಾಕಿ, ಶಾರ್ಪ್‌ನೆಸ್ ತಗ್ಗಿಸಿ, ‘ಡೈನಮಿಕ್ ಕಾಂಟ್ರಾಸ್ಟ್’ ಮತ್ತು ‘ಮೋಷನ್ ಸ್ಮೂದಿಂಗ್’ ಎರಡೂ ಆಫ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟಿನದ್ದು. ಟಿವಿ ನಡುನಡುವೆ ತನ್ನದೇ ಚೌಕಟ್ಟು ಹೊಸೆದು ಸೇರಿಸಿದರೆ ಧಾರಾವಾಹಿಯ ಹಾಗೆ ಕಾಣುತ್ತದೆ. ಟಿವಿಗೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್ ಇದ್ದರೆ ಅದರಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಆನ್ ಇರಲಿ.

ನೆಟ್ ಸರಿಯಾದ ಮೇಲೂ ಚಿತ್ರ 480ಪಿ ದಾಟದಿದ್ದರೆ ಸಾಧನದ ವೈಡ್‌ವೈನ್ (ಕಳ್ಳನಕಲು ತಡೆಯುವ ಬೀಗ) ಮಟ್ಟ ನೋಡಿ. ಎಲ್-1 ಇದ್ದರೆ ಮಾತ್ರ ದೊಡ್ಡ ಆಪ್‌ಗಳು ಎಚ್‌ಡಿ ಕೊಡುತ್ತವೆ. ಅಗ್ಗದ ಬಾಕ್ಸ್‌ಗಳಲ್ಲಿ ಎಷ್ಟೋ ಎಲ್-3. ಸ್ಟಿಕ್ಕಿನಿಂದ 4ಕೆ ಬೇಕಾದರೆ ಟಿವಿಯ ಆ ಎಚ್‌ಡಿಎಂಐ ಪೋರ್ಟಿಗೆ ಎಚ್‌ಡಿಸಿಪಿ 2.2 (ಎಚ್‌ಡಿಎಂಐ ತಂತಿಯ ಮೇಲಿನ ಅಂಥದ್ದೇ ಬೀಗ) ಇರಬೇಕು. ಕೆಲವು ಟಿವಿಗಳಲ್ಲಿ ಒಂದೆರಡು ಪೋರ್ಟಿಗೆ ಮಾತ್ರ ಇರುತ್ತದೆ, ಪೋರ್ಟ್ ಬದಲಿಸಿ ನೋಡಿ.

ಮಾತು ಕೇಳದಿರುವುದು ನೆಟ್‌ನ ತಪ್ಪಲ್ಲ. ಧ್ವನಿ 5.1ರಲ್ಲಿ, ಅಂದರೆ ಆರು ಚಾನೆಲ್‌ಗಳಲ್ಲಿ, ಬರುತ್ತಿದೆ. ಅದರಲ್ಲಿ ಸಂಭಾಷಣೆ ಬಹುಪಾಲು ನಡುವಿನ ಸ್ಪೀಕರಿಗೆ. ನಿಮ್ಮ ಟಿವಿಗೆ ಇರುವುದು ಎಡ-ಬಲ ಎರಡೇ. ಆರನ್ನು ಎರಡಕ್ಕೆ ಮಡಚುವಾಗ ಮಾತು ಹಿನ್ನೆಲೆ ಸಂಗೀತದ ಅಡಿ ಸಿಕ್ಕಿಬೀಳುತ್ತದೆ. ಆಪ್‌ನ ಆಡಿಯೋ ಪಟ್ಟಿಯಲ್ಲಿ 5.1 ಬಿಟ್ಟು ಬರೀ ‘ಕನ್ನಡ’ ಅಂತ ಇರುವುದನ್ನು ಆರಿಸಿ, ಟಿವಿಯಲ್ಲಿ ‘ನೈಟ್ ಮೋಡ್’ ಅಥವಾ ‘ಆಟೋ ವಾಲ್ಯೂಮ್’ ಹಾಕಿ. ಸೌಂಡ್‌ಬಾರ್ ತರುವುದಾದರೆ ನಡುವಿನ ಚಾನೆಲ್ ಇರುವ 3.1 ತನ್ನಿ. ಸ್ಟ್ರೀಮಿಂಗ್‌ನ ಅಟ್ಮಾಸ್ (ಸುತ್ತಲಿಂದ, ಮೇಲಿಂದ ಕೇಳಿಸುವ ಧ್ವನಿ) ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್‌ನಲ್ಲಿ, ಅದನ್ನು ಸಾದಾ ಎಆರ್‌ಸಿ (ಟಿವಿಯಿಂದ ಸೌಂಡ್‌ಬಾರಿಗೆ ಧ್ವನಿ ಒಯ್ಯುವ ಎಚ್‌ಡಿಎಂಐ ದಾರಿ) ಹೊರುತ್ತದೆ. ಅದರ ಹೊಸ ರೂಪ ಇಎಆರ್‌ಸಿಗಾಗಿ ಹೊಸ ಟಿವಿ ಕೊಳ್ಳುವ ಅಗತ್ಯವಿಲ್ಲ.

ಗಂಗಾವಳಿದಡ:

ಕರೆಂಟು ಮತ್ತು ಸಿಡಿಲು ಯಾರೂ ಹೇಳಲಿಲ್ಲ. ಕರೆಂಟು ಹೋದರೂ ನೆಟ್ ಇರಬೇಕಾದರೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ಅಡಾಪ್ಟರಿನ ಮೇಲೆ 12 ವೋಲ್ಟ್ ಅಂತಲೇ ಇದೆಯಾ, ಎಷ್ಟು ಆಂಪಿಯರ್, ಪಿನ್ನಿನ ಅಳತೆ 2.1ಓ 2.5ಓ ನೋಡಿ ತನ್ನಿ. ಡಬ್ಬಿಯ ಮೇಲಿನ 10,000 ಎಂಎಎಚ್ ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ 37 ವಾಟ್-ಗಂಟೆ. ಮೋಡೆಮ್ 10 ವಾಟ್ ತಿಂದರೆ ನಷ್ಟ ಕಳೆದು ಮೂರು ಗಂಟೆ. ಇನ್ವರ್ಟರ್ ಇದ್ದವರು ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲಿ ಮೋಡೆಮ್ ಮತ್ತೆ ಶುರುವಾಗಬಹುದು. ಸ್ಪ್ಲಿಟರಿಗೆ ಕರೆಂಟು ಬೇಡ. ಹಾಗಾಗಿ ನಿಮ್ಮ ಮೋಡೆಮ್ ಉರಿಯುತ್ತಿದ್ದೂ ಕರೆಂಟು ಹೋದಾಗಲೆಲ್ಲ ನೆಟ್ ಹೋದರೆ ಅವರ ಕಡೆಯ ಬ್ಯಾಟರಿ ಸತ್ತಿದೆ ಅಂತ ತಿಳಿಯಿರಿ.

ಸಿಡಿಲಿಗೆ ಫೈಬರ್ ಸುರಕ್ಷಿತ ಅನ್ನುವ ಮಾತು ಅರ್ಧ ಸತ್ಯ. ಗಾಜು ವಿದ್ಯುತ್ ಒಯ್ಯುವುದಿಲ್ಲ, ಆದರೆ ತಂತಿಯ ಬಗಲಿಗೆ ಬಲಕ್ಕೆ ಅಂಟಿಸಿದ ಉಕ್ಕಿನ ಸರಿಗೆ ಒಯ್ಯುತ್ತದೆ. ಆ ಸರಿಗೆಯನ್ನು ಹೊರಗೋಡೆಯ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಿ ಅನ್ನಿ. ಒಳಗೆ ಬರುವ ಭಾಗದಲ್ಲಿ ಉಕ್ಕಿನ ಬದಲು ಎಫ್‌ಆರ್‌ಪಿ (ಗಾಜಿನೆಳೆ ಸೇರಿದ ಪ್ಲಾಸ್ಟಿಕ್) ಕಡ್ಡಿ ಇರುವ ಕೇಬಲ್ ಕೇಳಿ. ಏಪ್ರಿಲ್-ಮೇ ಗುಡುಗಿನ ಸಂಜೆ ಅಡಾಪ್ಟರ್ ಕೀಳುವಾಗ ಲ್ಯಾನ್ ಕೇಬಲನ್ನೂ ಕೀಳಿ. ಟಿವಿಗೆ ಡಿಶ್ ಇದ್ದರೆ ಅದರ ವೈರನ್ನೂ. ಎಷ್ಟೋ ಕಡೆ ಮೋಡೆಮ್ ಸುಡುವುದು ಡಿಶ್‌ನಿಂದ ಟಿವಿಗೆ, ಟಿವಿಯಿಂದ ಲ್ಯಾನ್‌ಗೆ ಹಾದುಬಂದ ಹೊಡೆತಕ್ಕೆ. ಮನೆಯಿಂದ ಕೊಟ್ಟಿಗೆಗೋ ಹೊರಕೋಣೆಗೋ ನೆಟ್ ಒಯ್ಯುವುದಾದರೆ ತಾಮ್ರ ಬೇಡ, ಒಂದು ಜೊತೆ ಮೀಡಿಯಾ ಕನ್ವರ್ಟರ್ (ತಾಮ್ರದ ಸಿಗ್ನಲನ್ನು ಬೆಳಕಿಗೆ, ಬೆಳಕನ್ನು ತಾಮ್ರಕ್ಕೆ ಬದಲಿಸುವ ಡಬ್ಬಿ) ಇಟ್ಟು ಫೈಬರ್ ಎಳೆಯಿರಿ. ಸ್ಪೈಕ್ ಗಾರ್ಡ್‌ಗೆ ಅರ್ಥಿಂಗ್ ಬೇಕೇ ಬೇಕು. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಸೋಲುವುದೂ ಸಿಡಿಲಿನ ಕಾಲವೂ ಒಂದೇ. ಮಾರ್ಚಿನಿಂದ ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ.

ಸೋಗೆಮಾಡು:

ಎಲ್ಲರಿಗೂ ಧನ್ಯವಾದ. ಅಳತೆ ಹಾಕ್ತಿದ್ದೇನೆ. ಕಿಟಕಿ ಸರಳಿನ ಟೈ ಬಿಚ್ಚಿದ ಮೇಲೆ -24.3. ಬಾಕ್ಸಿನ ಕನೆಕ್ಟರ್ ತೆಗೆದು ಮಷಿನ್‌ನಲ್ಲಿ ಜೋಡಿಸಿದ ಮೇಲೆ -20.8. ಕೆಂಪು ದೀಪ ಬರ್ತಿಲ್ಲ. ಟಿವಿಗೆ ಲ್ಯಾನ್ ಕೊಟ್ಟು ಅಳೆದರೆ 93. ಆದರೆ ಭಾನುವಾರ ರಾತ್ರಿ ಒಂದು ಆಪ್‌ನಲ್ಲಿ ಮಾತ್ರ ಇನ್ನೂ ಸುತ್ತುತ್ತದೆ, ಸ್ಪೀಡ್ ಟೆಸ್ಟ್ ಆಗಲೂ 90 ತೋರಿಸ್ತದೆ. ಡಿಎನ್‌ಎಸ್ ಬದಲಿಸಬೇಕಾ?

ಕಾಳಿಸಂಗಮ:

-20.8 ಬಂದಿದ್ದು ನೋಡಿ ಬಹಳ ಖುಷಿಯಾಯಿತು. ಈ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಮೋಡೆಮ್ ಹಿಂದೆ ಅಂಟಿಸಿಡಿ, ಮುಂದಿನ ಮಳೆಗಾಲದಲ್ಲಿ ಹೋಲಿಸಲು ಬೇಕಾಗುತ್ತದೆ.

ಡಿಎನ್‌ಎಸ್ ಹೆಸರಿಗೆ ವಿಳಾಸ ಹುಡುಕಿ ಕೊಡುತ್ತದೆ ಅಷ್ಟೇ, ತಂತಿಯನ್ನು ಅಗಲ ಮಾಡುವುದಿಲ್ಲ. ಸ್ಪೀಡ್ ಟೆಸ್ಟ್ ಅಳೆಯುವುದು ಹೆಚ್ಚಾಗಿ ಹತ್ತಿರದ, ಎಷ್ಟೋ ಸಲ ಕೇಬಲ್‌ನವರದ್ದೇ ಜಾಲದ ಸರ್ವರಿನವರೆಗೆ. ಸಿನಿಮಾ ಬರುವುದು ಬೇರೆ ದಾರಿಯಿಂದ. ಫಾಸ್ಟ್ ಡಾಟ್ ಕಾಮ್ ನೆಟ್‌ಫ್ಲಿಕ್ಸಿನ ಸರ್ವರುಗಳಿಂದಲೇ ಅಳೆಯುತ್ತದೆ, ಅದರಲ್ಲೂ ಒಮ್ಮೆ ನೋಡಿ. ಲ್ಯಾನ್ ಚುಚ್ಚಿದ ಲ್ಯಾಪ್‌ಟಾಪಿನಿಂದ ಬೆಳಿಗ್ಗೆ 6ಕ್ಕೂ ರಾತ್ರಿ 9ಕ್ಕೂ ಪಿಂಗ್ ಹಾಕಿ (ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುವ ಹೊತ್ತು ಅಳೆಯುವುದು), ಮೊದಲು 192.168.1.1ಕ್ಕೆ, ಅಂದರೆ ನಿಮ್ಮ ಮೋಡೆಮ್ ವಿಳಾಸಕ್ಕೆ, ಆಮೇಲೆ ಗೂಗಲ್‌ನ 8.8.8.8ಕ್ಕೆ. ಮೊದಲನೆಯದು 1 ಮಿಲಿಸೆಕೆಂಡಿನಲ್ಲೇ ನಿಂತು ಎರಡನೆಯದು ರಾತ್ರಿ ಮಾತ್ರ ಹಲವು ಪಟ್ಟು ಏರಿದರೆ, ಅಥವಾ ನಡುನಡುವೆ ಉತ್ತರವೇ ಬಾರದಿದ್ದರೆ, ಮನೆಯ ಕಡೆ ತಪ್ಪಿಲ್ಲ. ಅವರು ಮೇಲಿನಿಂದ ಕೊಂಡ ಬ್ಯಾಂಡ್‌ವಿಡ್ತ್ ಆ ಹೊತ್ತಿಗೆ ಸಾಲುತ್ತಿಲ್ಲ. ಎರಡೂ ಸರಿಯಿದ್ದು ಒಂದೇ ಆಪ್ ಸುತ್ತಿದರೆ ಆ ಆಪ್‌ನ ಸರ್ವರಿಗೆ ಅವರ ಜಾಲದಿಂದ ಇರುವ ಕೊಂಡಿ ಇಕ್ಕಟ್ಟಾಗಿದೆ. ಎರಡಕ್ಕೂ 300ರ ಪ್ಲಾನ್ ಮದ್ದಲ್ಲ.

ಮೂರು ರಾತ್ರಿಯ ಪಿಂಗ್ ಪರದೆಯ ಚಿತ್ರ ತೆಗೆದು, ಗಂಟೆ-ದಿನಾಂಕ ಕಾಣುವ ಹಾಗೆ ದೂರಿಗೆ ಲಗತ್ತಿಸಿ. ದೂರಿನ ಡಾಕೆಟ್ ಸಂಖ್ಯೆ (ನೋಂದಣಿ ಸಂಖ್ಯೆ) ಕೇಳಿ ಪಡೆಯಿರಿ. ಬಗೆಹರಿಯದಿದ್ದರೆ ಅವರದ್ದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕು. ಅಲ್ಲಿಯ ತನಕ ಭಾನುವಾರ ರಾತ್ರಿ ಆ ಒಂದು ಆಪ್‌ನಲ್ಲಿ ಗುಣಮಟ್ಟವನ್ನು 1080ಪಿಗೆ ಕಟ್ಟಿಹಾಕಿ ನೋಡಿ. ನಿಲ್ಲದೆ ಓಡುವ 1080ಪಿ, ಏರುತ್ತಾ ಇಳಿಯುತ್ತಾ ಹೋಗುವ 4ಕೆಗಿಂತ ಕಣ್ಣಿಗೆ ಹಿತ.