ಚುರುಟಿನ ಡಬ್ಬಿ ಮೇಲಿದ್ದ ಬಿಳಿ ಚೀಟಿ

ಮೊನ್ನೆ ಇಲ್ಲಿ ಒಬ್ಬರು ಕೇಳಿದ್ದರು, ಮಕ್ಕಳಿಗೆ ಅಮೆರಿಕದ ಹಳೇ ದ್ವೇಷದ ಕಥೆಯೆಲ್ಲ ಯಾಕೆ, ಸುಮ್ನೆ ಹೆದರಿಸಿದ ಹಾಗಾಗಲ್ವಾ ಅಂತ. ನಮ್ಮನೆಯಲ್ಲಿ ಆ ಮಾತು ತಾನಾಗೇ ಬಂತು. ಎಂಟನೇ ಕ್ಲಾಸಿನ ಮಗಳು 1882ರಲ್ಲಿ ಚೀನೀ ಕೂಲಿಯವರನ್ನು ದೇಶದೊಳಗೆ ಬಿಡಬಾರದು ಅಂತ ಮಾಡಿದ ಕಾನೂನಿನ ಪಾಠ ಓದ್ತಾ ಇದ್ದಳು. "ಅಪ್ಪ, ತಾತ ಮಿಲ್ಲಿನಲ್ಲಿ ಯೂನಿಯನ್ನಲ್ಲಿದ್ರು, ಯೂನಿಯನ್ ಒಳ್ಳೇದು ಅಂತೀಯಲ್ಲ, ಮತ್ತೆ ಅಮೆರಿಕದ ಯೂನಿಯನ್ನವರು ಯಾಕೆ ಚೀನೀಯರ ವಿರುದ್ಧ ಹೀಗೆ?" ಅಂದಳು.

ಏನು ಹೇಳೋದು? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1877ರಲ್ಲಿ ಡೆನಿಸ್ ಕಿಯರ್ನಿ ಅನ್ನೋ ಕಾರ್ಮಿಕ ನಾಯಕ "ಚೀನೀಯರು ತೊಲಗಲೇಬೇಕು" ಅಂತ ಕೂಗ್ತಿದ್ದ. ಅವನೇ ಐರ್ಲೆಂಡಿನಿಂದ ವಲಸೆ ಬಂದವನು! ಅದೇ ಕಾಲದಲ್ಲಿ ಅಲ್ಲಿನ ಬಿಳಿ ಚುರುಟು ಕೆಲಸಗಾರರು ಡಬ್ಬಿಗಳಿಗೆ ಬಿಳಿ ಚೀಟಿ ಅಂಟಿಸೋಕೆ ಶುರು ಮಾಡಿದರು, ಇದು ಬಿಳಿಯರ ಕೈ ಸುತ್ತಿದ್ದು, ಧೈರ್ಯವಾಗಿ ಕೊಳ್ಳಿ ಅಂತ. ಅಮೆರಿಕದ ಯೂನಿಯನ್ ಲೇಬಲ್, ಅಂದ್ರೆ ಇದು ಯೂನಿಯನ್ನಿನವರು ಮಾಡಿದ ಮಾಲು ಅಂತ ತೋರಿಸೋ ಚೀಟಿ, ಹುಟ್ಟಿದ್ದೇ ಹೀಗೆ. ನಮ್ಮಲ್ಲಿ ಪಂಕ್ತಿ ಬೇರೆ ಮಾಡೋದು ನೆನಪಾಯ್ತು ನನಗೆ.

ಕಂಪನಿಗಳೇನು ಸಾಚಾ ಅಲ್ಲ. ವಯೋಮಿಂಗಿನ ರಾಕ್ ಸ್ಪ್ರಿಂಗ್ಸ್ ಕಲ್ಲಿದ್ದಲು ಗಣಿಯಲ್ಲಿ 1875ರ ಮುಷ್ಕರ ಮುರಿಯೋಕೆ ಚೀನೀಯರನ್ನು ತಂದಿದ್ದು ಕಂಪನಿ. 1885ರ ಸೆಪ್ಟೆಂಬರ್ 2ರಂದು ಬಿಳಿ ಗಣಿ ಕೆಲಸಗಾರರು ಅವರ ಕೇರಿಗೆ ಬೆಂಕಿ ಇಟ್ಟು ಕನಿಷ್ಠ 28 ಜನರನ್ನು ಕೊಂದರು. ಒಬ್ಬನಿಗೂ ಶಿಕ್ಷೆ ಆಗಲಿಲ್ಲ. ಬದುಕಿದವರನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸ್ತೀವಿ ಅಂತ ರೈಲು ಹತ್ತಿಸಿದರು. ಬಾಗಿಲು ತೆಗೆದಾಗ ನೋಡಿದರೆ ಮತ್ತೆ ಅದೇ ಸುಟ್ಟ ಊರು. ಮಗಳು ಇಲ್ಲಿ ಪುಸ್ತಕ ಮುಚ್ಚಿಟ್ಟಳು.

ಆಮೇಲೆ ಆಕ್ಸ್‌ನಾರ್ಡ್ ಕಥೆ ಹೇಳಿದೆ. 1903ರಲ್ಲಿ ಕ್ಯಾಲಿಫೋರ್ನಿಯಾದ ಆ ಊರಿನ ಬೀಟ್ ಹೊಲಗಳಲ್ಲಿ ಜಪಾನಿನವರೂ ಮೆಕ್ಸಿಕನ್ನರೂ ಸೇರಿ ಯೂನಿಯನ್ ಕಟ್ಟಿ ಮುಷ್ಕರ ಗೆದ್ದಿದ್ದರು. ಅಮೆರಿಕದ ಯೂನಿಯನ್‌ಗಳ ದೊಡ್ಡ ಒಕ್ಕೂಟದ ನಾಯಕ ಸ್ಯಾಮ್ಯುಯಲ್ ಗೊಂಪರ್ಸ್ (ಅವನೂ ಹಳೇ ಚುರುಟು ಕೆಲಸಗಾರನೇ) ಚೀನೀಯರು, ಜಪಾನೀಯರನ್ನು ಹೊರಗಿಟ್ಟರೆ ಮಾತ್ರ ಈ ಯೂನಿಯನ್‌ಗೆ ಮಾನ್ಯತೆ ಅಂದ. ಮೆಕ್ಸಿಕನ್ನರು ಹಾಗಾದರೆ ಬೇಡ ಅಂದುಬಿಟ್ಟರು.

"ನಮ್ಮವರನ್ನೂ ಓಡಿಸಿದ್ರಾ?" ಅಂತ ಕೇಳಿದಳು. ನಾವಿರೋದು ಸಿಯಾಟಲ್ ಪಕ್ಕ. ಇಲ್ಲಿಂದ ಒಂದೂವರೆ ಗಂಟೆ ಡ್ರೈವ್‌ನಲ್ಲಿರೋ ಬೆಲ್ಲಿಂಗ್‌ಹ್ಯಾಮ್‌ನಲ್ಲಿ 1907ರಲ್ಲಿ ಮರದ ಮಿಲ್ಲುಗಳಿಗೆ ನುಗ್ಗಿ ಪಂಜಾಬಿ ಕೆಲಸಗಾರರನ್ನು ಊರು ಬಿಡಿಸಿದರು. ಹೆಚ್ಚಿನವರು ಸಿಖ್ಖರು, ಪತ್ರಿಕೆಗಳು ಬರೆದಿದ್ದು ಮಾತ್ರ 'ಹಿಂದೂಗಳು' ಅಂತ. ಅದರ ನೆನಪಿಗೆ ಅಲ್ಲೀಗ ಕೆಂಪು ಗ್ರಾನೈಟಿನ ಕಮಾನು ಇದೆ. ಬರೋ ಶನಿವಾರ ಹೋಗ್ತಿದ್ದೀವಿ, ಕಾರಿನಲ್ಲಿ ಇನ್ನೂ ಎರಡು ಸೀಟು ಖಾಲಿ ಇದೆ.